ಒಂದು ವರ್ಷದ ಓಟ, ಒಂದು ವರ್ಷದ ಲೆಕ್ಕ



ಎರಡು ವರ್ಷದ ಹಿಂದಿನ ಮಾತು. ಒಂದು ಭಾನುವಾರ ಹತ್ತು ಕಿಲೋಮೀಟರ್ ಓಟ ಮುಗಿಸಿ, ಕೊರಳಲ್ಲಿ ಪದಕ ಹಾಕಿಕೊಂಡೇ ಮನೆಗೆ ಬಂದೆ. ನಮ್ಮತ್ತೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪದಕವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಇಷ್ಟು ದೂರ ಓಡಿದ್ದಕ್ಕೆ ಎಷ್ಟು ಕೊಟ್ರಮ್ಮ?"

"ಅವರು ಕೊಡಲ್ಲ ಅತ್ತೆ, ನಾವೇ ದುಡ್ಡು ಕಟ್ಟಿ ಓಡೋದು."

"ಹಂಗಾದ್ರೆ ವರ್ಷಕ್ಕೆ ಎಷ್ಟು ಕಟ್ತೀಯ?"

ಇಪ್ಪತ್ತೆರಡು ವರ್ಷದಿಂದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿರುವ ನನಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಮಾರನೆಯ ದಿನವೇ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡೆ. ಎಡಗಡೆಯ ಪುಟದಲ್ಲಿ ಓಡಿದ ದೂರ, ತೆಗೆದುಕೊಂಡ ಸಮಯ. ಬಲಗಡೆಯ ಪುಟದಲ್ಲಿ ಖರ್ಚು. ಆ ಪುಸ್ತಕದ ಮೊದಲ ವರ್ಷದ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಮೈಸೂರಿನ ಒಬ್ಬ ಶಿಕ್ಷಕಿಯ ಮನೆಲೆಕ್ಕ ಊರವರಿಗೆ ಯಾಕೆ ಎಂದು ನಿಮಗೆ ಅನ್ನಿಸಬಹುದು. ಆ ಎರಡು ಪುಟಗಳನ್ನು ಎದುರುಬದುರು ಇಟ್ಟು ಓದಿದಾಗ ನನಗೆ ತಿಳಿದ ವಿಷಯ ನನ್ನೊಬ್ಬಳಿಗೆ ಸೇರಿದ್ದಲ್ಲ, ಅದಕ್ಕೆ.

ಲೆಕ್ಕಕ್ಕೆ ಮೊದಲು, ನನ್ನಂಥ ಓಟಗಾರರನ್ನು ಕರೆಯುವ ಹವ್ಯಾಸಿ ಎಂಬ ಮಾತಿನ ಬಗ್ಗೆ. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಹುಟ್ಟಿದಾಗ ಅದರ ಹೆಸರಿನಲ್ಲೇ ಹವ್ಯಾಸಿ ಎಂಬ ಪದ ಇತ್ತು. ಆಟಕ್ಕೆ ಹಣ ಪಡೆಯದವನು ಹವ್ಯಾಸಿ. ಪಡೆದರೆ ಅವನಿಗೆ ಒಲಿಂಪಿಕ್ಸ್ ಬಾಗಿಲು ಮುಚ್ಚಿದಂತೆಯೇ. ಅದೇ ವರ್ಷ, ಅದೇ ಊರಿನ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದರು. ಅದಕ್ಕೆ ಮೊದಲು ಬೇಸ್‌ಬಾಲ್ ಆಡಿ ಅಲ್ಪಸ್ವಲ್ಪ ಹಣ ಪಡೆದಿದ್ದರು ಎಂಬ ಕಾರಣಕ್ಕೆ 1913ರಲ್ಲಿ ಅವರ ಪದಕಗಳನ್ನು ಕಿತ್ತುಕೊಂಡರು. ಅವರು ತೀರಿಕೊಂಡದ್ದು 1953ರಲ್ಲಿ. ಪದಕಗಳ ಪ್ರತಿಕೃತಿಗಳು ಅವರ ಮಕ್ಕಳ ಕೈಗೆ ಬಂದದ್ದು 1983ರಲ್ಲಿ. 2001ರಲ್ಲಿ ಒಕ್ಕೂಟ ತನ್ನ ಹೆಸರಿನಿಂದ ಹವ್ಯಾಸಿ ಎಂಬ ಪದವನ್ನು ಕೈಬಿಟ್ಟಿತು. ಪದ ಹೋಯಿತು, ಆದರೆ ಹವ್ಯಾಸಿಗಳು ಲಕ್ಷಗಟ್ಟಲೆ ಹೆಚ್ಚಿದರು. ಅಂದು ಹವ್ಯಾಸಿ ಎಂದರೆ ಹಣ ಮುಟ್ಟದವನು, ಇಂದು ಹಣ ಕಟ್ಟುವವನು. ನಾನು ಅಂಥವರಲ್ಲಿ ಒಬ್ಬಳು.

ನಾನು ಹುಟ್ಟಿದ್ದು 1978ರಲ್ಲಿ. ಆಗ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಮ್ಯಾರಥಾನ್ ಇರಲಿಲ್ಲ. 1984ರ ಲಾಸ್ ಏಂಜಲೀಸ್‌ನಲ್ಲಿ ಅದು ಮೊದಲ ಸಲ ಸೇರಿತು. ನಾನು ಓಡಲು ಶುರುಮಾಡಿದ್ದು ನಲವತ್ತು ದಾಟಿದ ಮೇಲೆ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಮೊದಲ ದಿನ ಅರ್ಧ ಸುತ್ತಿಗೇ ಏದುಸಿರು ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಈಗ ವಾರಕ್ಕೆ ಮೂವತ್ತು ಕಿಲೋಮೀಟರಿನಷ್ಟು ಓಡುತ್ತೇನೆ.

ಇನ್ನು ಎಡಗಡೆಯ ಪುಟ. ವರ್ಷದಲ್ಲಿ ಓಡಿದ ಒಟ್ಟು ದೂರ 1,600 ಕಿ.ಮೀ. ಅದರಲ್ಲಿ ಸ್ಪರ್ಧೆಗಳು ಐದು, ಅವುಗಳ ದೂರ ಸುಮಾರು 93 ಕಿ.ಮೀ. ಉಳಿದದ್ದೆಲ್ಲ ಅಭ್ಯಾಸ.

ಜನವರಿಯಲ್ಲಿ ಮುಂಬಯಿ ಮ್ಯಾರಥಾನ್, ಪೂರ್ತಿ 42.195 ಕಿ.ಮೀ. 2004ರಲ್ಲಿ ಶುರುವಾದ ಓಟ ಅದು. ಪೂರ್ತಿ ದೂರಕ್ಕೆ ಹೆಸರು ಕೊಡಬೇಕಾದರೆ ಹಿಂದೆ ಓಡಿದ ಒಂದು ಓಟದ ಸಮಯದ ಪ್ರಮಾಣಪತ್ರ ಬೇಕು, ಅಂದರೆ ಒಂದು ಓಟಕ್ಕೆ ಹೋಗಲು ಇನ್ನೊಂದು ಓಟಕ್ಕೆ ಖರ್ಚು ಮಾಡಿರಬೇಕು. ಬೆಳಕು ಹರಿಯುವ ಮೊದಲೇ ಛತ್ರಪತಿ ಶಿವಾಜಿ ಮಹಾರಾಜ್ ನಿಲ್ದಾಣದ ಎದುರಿನಿಂದ ಹೊರಟೆವು. ಬೇರೆ ದಿನಗಳಲ್ಲಿ ಕಾಲ್ನಡಿಗೆಯವರನ್ನು ಬಿಡದ ಬಾಂದ್ರಾ-ವರ್ಲಿ ಸೇತುವೆಯ ಮೇಲೆ ಸಾವಿರಾರು ಜನರ ಹೆಜ್ಜೆ ಸದ್ದು ಕೇಳುತ್ತಾ ಓಡಿದ್ದು ನಾನು ಮರೆಯುವಂಥದ್ದಲ್ಲ. ಆ ಹುಮ್ಮಸ್ಸಿನಲ್ಲಿ ಮೊದಲರ್ಧವನ್ನು 2 ಗಂಟೆ 18 ನಿಮಿಷಕ್ಕೆ ಮುಗಿಸಿಬಿಟ್ಟೆ. ಕೊನೆಯಲ್ಲಿ ಪೆಡ್ಡರ್ ರಸ್ತೆಯ ಏರು ಬಂದಾಗ ಮೀನಖಂಡ ಹಿಡಿದುಕೊಂಡಿತು. ಎರಡನೆಯ ಅರ್ಧಕ್ಕೆ 2 ಗಂಟೆ 40 ನಿಮಿಷ ಬೇಕಾಯಿತು. ಒಟ್ಟು 4 ಗಂಟೆ 58 ನಿಮಿಷ 36 ಸೆಕೆಂಡು. ನಾನು ಅಂದುಕೊಂಡು ಹೋಗಿದ್ದು 4 ಗಂಟೆ 45 ನಿಮಿಷ.

ಏಪ್ರಿಲ್‌ನಲ್ಲಿ ಬೆಂಗಳೂರಿನ ವರ್ಲ್ಡ್ ಟೆನ್‌ಕೆ. 2008ರಲ್ಲಿ ಶುರುವಾದ ಈ ಓಟದಲ್ಲಿ ಆಫ್ರಿಕಾದ ವೀರರು 28 ನಿಮಿಷದ ಒಳಗೆ ಮುಗಿಸುವ ಹತ್ತು ಕಿಲೋಮೀಟರನ್ನು ನಾನು 59 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿದೆ. ಆಗಸ್ಟಿನಲ್ಲಿ ಮೈಸೂರಿನಲ್ಲೇ ಇನ್ನೊಂದು ಹತ್ತು, 58 ನಿಮಿಷ 10 ಸೆಕೆಂಡು. ಸೆಪ್ಟೆಂಬರಿನಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿ ಟ್ರೈಲ್‌ನಲ್ಲಿ ಅರ್ಧ ಮ್ಯಾರಥಾನ್. ಕಾಲುವೆಯ ಪಕ್ಕದ ಮಣ್ಣು ದಾರಿ, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. 2 ಗಂಟೆ 14 ನಿಮಿಷ 50 ಸೆಕೆಂಡು. ಡಿಸೆಂಬರಿನಲ್ಲಿ ಬೇರೊಂದು ಜಿಲ್ಲೆಯಲ್ಲಿ ನಡೆದ ಹಿರಿಯರ ಅಥ್ಲೆಟಿಕ್ಸ್ ಕೂಟ, ನಾವು ಮಾಸ್ಟರ್ಸ್ ಎನ್ನುತ್ತೇವೆ. ಅದರಲ್ಲಿ ಟ್ರ್ಯಾಕ್ ಮೇಲೆ 10,000 ಮೀಟರ್. 400 ಮೀಟರಿನ ಇಪ್ಪತ್ತೈದು ಸುತ್ತು. 56 ನಿಮಿಷ 48 ಸೆಕೆಂಡು. ನನ್ನ ಜೀವನದ ಅತ್ಯುತ್ತಮ ಸಮಯ ಅದು. 45ರಿಂದ 49ರ ವಯೋವರ್ಗದಲ್ಲಿ ನನಗೆ ಮೂರನೆಯ ಸ್ಥಾನ ಬಂತು. ಆ ವರ್ಗದಲ್ಲಿ ಓಡಿದವರು ನಾಲ್ವರೇ. ಕಂಚಿನ ಪದಕ ಕೈಗೆ ಬಂದಾಗ ಸಂತೋಷವಾಯಿತು. ಇಷ್ಟು ದೊಡ್ಡ ರಾಜ್ಯದಲ್ಲಿ ನನ್ನ ವಯಸ್ಸಿನ ನಾಲ್ಕೇ ಹೆಂಗಸರು ಆ ಟ್ರ್ಯಾಕಿಗೆ ಬಂದರಲ್ಲ ಎಂದು ಬೇಸರವೂ ಆಯಿತು.

ಈಗ ಬಲಗಡೆಯ ಪುಟ. ಐದು ಸ್ಪರ್ಧೆಗಳ ಪ್ರವೇಶ ಶುಲ್ಕ 7,900 ರೂಪಾಯಿ. ಪ್ರಯಾಣ ಮತ್ತು ವಸತಿ 13,000. ಎರಡು ಜೊತೆ ಶೂ 11,000. ಬಟ್ಟೆ, ಸಾಕ್ಸ್, ಒಳಉಡುಪು 3,200. ಓಡುವ ಹೆಣ್ಣಿಗೆ ಸರಿಯಾದ ಒಳಉಡುಪು ಶೂವಿನಷ್ಟೇ ಮುಖ್ಯ, ಇದನ್ನು ಸಂಕೋಚವಿಲ್ಲದೆ ಹೇಳಬೇಕು. ರಕ್ತಪರೀಕ್ಷೆ, ಇಸಿಜಿ, ಫಿಜಿಯೋಥೆರಪಿ ಸೇರಿ 6,400. ಮನೆಯ ಊಟದ ಮೇಲೆ ಓಟಕ್ಕೆಂದೇ ತಿಂದ ಮೊಟ್ಟೆ, ಬಾಳೆಹಣ್ಣು, ಖರ್ಜೂರ 4,500. ಎಲ್ಲ ಸೇರಿ 46,000 ರೂಪಾಯಿ.

ದುಬಾರಿ ಕೈಗಡಿಯಾರ ನನ್ನ ಹತ್ತಿರ ಇಲ್ಲ. ಇಪ್ಪತ್ತು ಸಾವಿರ ದಾಟುವ ಕಾರ್ಬನ್ ತಟ್ಟೆಯ ಶೂ ಇಲ್ಲ. ಓಟದ ನಡುವೆ ಜೆಲ್ ಪೊಟ್ಟಣದ ಬದಲು ಬೆಲ್ಲದ ಉಂಡೆ, ಓಟಕ್ಕೆ ಮೊದಲು ರಾಗಿ ಗಂಜಿ. ಬೆಂಗಳೂರಿಗೆ ಹೋದರೆ ತಂಗಿಯ ಮನೆಯಲ್ಲಿ ಉಳಿಯುತ್ತೇನೆ. ಇಷ್ಟು ಕೈಬಿಗಿ ಹಿಡಿದ ಮೇಲೂ ತಿಂಗಳಿಗೆ 3,800 ರೂಪಾಯಿಗೂ ಹೆಚ್ಚು.

ಗಣಿತದವಳಾದ್ದರಿಂದ ಅಲ್ಲಿಗೇ ಬಿಡಲಿಲ್ಲ. ಒಟ್ಟು ಖರ್ಚನ್ನು ಒಟ್ಟು ದೂರಕ್ಕೆ ಭಾಗಿಸಿದರೆ ಕಿಲೋಮೀಟರಿಗೆ 28 ರೂಪಾಯಿ 75 ಪೈಸೆ. ಆದರೆ ಈ ಸರಾಸರಿ ನಿಜವನ್ನು ಮುಚ್ಚಿಡುತ್ತದೆ. ಶೂ, ಬಟ್ಟೆ, ಆಹಾರ, ಆರೋಗ್ಯದ 25,100 ರೂಪಾಯಿಯನ್ನು 1,600 ಕಿ.ಮೀ.ಗೆ ಹಂಚಿದರೆ ಕಿಲೋಮೀಟರಿಗೆ ಹದಿನಾರು ರೂಪಾಯಿಯೂ ಆಗುವುದಿಲ್ಲ. ಶುಲ್ಕ ಮತ್ತು ಪ್ರಯಾಣದ 20,900 ಮಾತ್ರ ಪೂರ್ತಿ ಆ 93 ಕಿ.ಮೀ.ಗೆ ಸೇರಿದ್ದು. ಅಲ್ಲಿ ಕಿಲೋಮೀಟರಿಗೆ ಸುಮಾರು 225 ರೂಪಾಯಿ. ವರ್ಷದ ಐದು ಬೆಳಗಿಗೆ ಖರ್ಚಿನ ಅರ್ಧಕ್ಕೆ ಹತ್ತಿರದಷ್ಟು ಹೋಗಿದೆ.

ಎರಡು ಪುಟ ಎದುರುಬದುರು ಇಟ್ಟಾಗ ಇನ್ನೊಂದು ಕಂಡಿತು. ಅತಿ ಹೆಚ್ಚು ಖರ್ಚಾದದ್ದು ಮುಂಬಯಿಗೆ, 12,600. ವರ್ಷದ ಅತಿ ಕಳಪೆ ಫಲಿತಾಂಶವೂ ಅದೇ. ಅತ್ಯುತ್ತಮ ಫಲಿತಾಂಶ ಬಂದ ಮಾಸ್ಟರ್ಸ್ ಕೂಟದ ಶುಲ್ಕ ಐನೂರು ರೂಪಾಯಿ. ಬೆಂಗಳೂರಿನ ರಸ್ತೆಯಲ್ಲಿ ಏರಿಳಿತ ಇತ್ತು, ಏಪ್ರಿಲ್ ಸೆಖೆ ಇತ್ತು, ಡಿಸೆಂಬರಿನ ಟ್ರ್ಯಾಕ್ ಸಮತಟ್ಟು, ಬೆಳಗು ತಂಪು, ನಿಜ. ಆ ವ್ಯತ್ಯಾಸವನ್ನು ಕಳೆದರೂ ಹತ್ತು ಕಿಲೋಮೀಟರಿನ ನನ್ನ ಸಮಯ ಏಪ್ರಿಲ್‌ನಿಂದ ಡಿಸೆಂಬರಿಗೆ ಎರಡೂವರೆ ನಿಮಿಷ ಸುಮ್ಮನೆ ಇಳಿದಿಲ್ಲ.

ಯಾಕೆ ಇಳಿಯಿತು ಎಂಬುದಕ್ಕೂ ಪುಸ್ತಕದಲ್ಲೇ ಸಾಕ್ಷಿ ಇದೆ. ಮುಂಬಯಿಯಿಂದ ಬಂದು ಒಂದೇ ವಾರಕ್ಕೆ ಮತ್ತೆ ಜೋರಾಗಿ ಓಡಲು ಹೋದೆ. ಫೆಬ್ರವರಿಯಲ್ಲಿ ಬಲಗಾಲಿನ ಹಿಮ್ಮಡಿ ಹಿಡಿದುಕೊಂಡಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಮೆಟ್ಟಿದ ಹಾಗೆ. ಮೂರು ವಾರ ಓಟ ಬಂದ್. ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಅಂಶವೂ ಕಡಿಮೆ ಇತ್ತು. ಆಮೇಲೆ ಫಿಜಿಯೋಥೆರಪಿಸ್ಟ್ ಹೇಳಿದಂತೆ ದಿನಾ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸಿದೆ. ಜೂನ್‌ನಿಂದ ವಾರಕ್ಕೆ ನಾಲ್ಕು ದಿನ, ಅದರಲ್ಲಿ ಮೂರು ದಿನ ಮಾತಾಡುತ್ತಾ ಓಡುವಷ್ಟು ನಿಧಾನ, ಒಂದು ದಿನ ಮಾತ್ರ ವೇಗ. ರಾತ್ರಿ ಒಂಬತ್ತೂವರೆಗೆ ನಿದ್ದೆ. ಸೊಪ್ಪು, ಹುರುಳಿಕಾಳು, ಮೊಟ್ಟೆ ಬಿಡಲಿಲ್ಲ. ನನ್ನ ವೇಗ ಹೆಚ್ಚಿಸಿದ್ದು ಇವು. ಇವುಗಳಲ್ಲಿ ಹೆಚ್ಚಿನವಕ್ಕೆ ಬಲಪುಟದಲ್ಲಿ ಸಾಲೇ ಇಲ್ಲ.

ಬಲಪುಟದಲ್ಲಿ ಬರೆಯಲಾಗದ ಖರ್ಚು ಬೇರೆ ಇದೆ. 1,600 ಕಿಲೋಮೀಟರಿಗೆ ಹೆಚ್ಚುಕಡಿಮೆ 187 ಗಂಟೆ ಬೇಕಾಗಿದೆ. ಆ ಹೊತ್ತಿನಲ್ಲಿ ಮನೆಯ ಒಲೆ ತಾನೇ ಉರಿಯಲಿಲ್ಲ. ನಮ್ಮ ಯಜಮಾನರು ಉಪ್ಪಿಟ್ಟು ಮಾಡಿದರು, ಮಗನನ್ನು ಬಸ್ಸಿಗೆ ಬಿಟ್ಟರು. ಅತ್ತೆ ಹಾಲು ಕಾಯಿಸಿದರು. ಕತ್ತಲಿನಲ್ಲಿ ಒಬ್ಬಳೇ ಹೋಗಬಾರದೆಂದು ಪಕ್ಕದ ಬೀದಿಯ ಇಬ್ಬರು ಗೆಳತಿಯರು ಐದು ಗಂಟೆಗೆ ಎದ್ದು ಜೊತೆ ಬಂದರು. ಓಡುವ ಹೆಂಗಸಿನ ಹಿಂದೆ ಯಾವಾಗಲೂ ಮೂರು ನಾಲ್ಕು ಜನ ಇರುತ್ತಾರೆ. ಅವರ ಹೆಸರು ಯಾವ ಫಲಿತಾಂಶದ ಪಟ್ಟಿಯಲ್ಲೂ ಬರುವುದಿಲ್ಲ.

ಹಾಗಾದರೆ ಆ 7,900 ರೂಪಾಯಿ ಶುಲ್ಕಕ್ಕೆ ನನಗೆ ಸಿಕ್ಕಿದ್ದೇನು? ರಸ್ತೆ ತಡೆದು ನಿಂತ ಪೊಲೀಸರು, ಆಂಬುಲೆನ್ಸ್, ನೀರಿನ ಮೇಜುಗಳು, ಸ್ವಯಂಸೇವಕರು. ಇವೆಲ್ಲ ಬೇಕು, ಅದಕ್ಕೆ ಹಣವೂ ಬೇಕು. ಟಿ-ಶರ್ಟ್ ಬೇಡ, ಅವು ನನ್ನ ಬೀರುವಿನಲ್ಲಿ ಹದಿನಾಲ್ಕಿವೆ. ಇವೆಲ್ಲಕ್ಕಿಂತ ಬೆಲೆಯುಳ್ಳ ಇನ್ನೊಂದು ಸಿಕ್ಕಿತು: ಸರಿಯಾಗಿ ಅಳೆದ ದೂರ, ಸರಿಯಾಗಿ ಬರೆದ ಸಮಯ.

ದೂರ ಅಳೆಯುವುದು ಸಣ್ಣ ಕೆಲಸವಲ್ಲ. ಮ್ಯಾರಥಾನಿನ 42.195 ಕಿ.ಮೀ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದವರೆಗೆ ಓಡಿಸಿದ ದೂರ. 1921ರಲ್ಲಿ ಅದೇ ಅಧಿಕೃತವಾಯಿತು. ಇಂದು ಮಾನ್ಯತೆ ಪಡೆದ ರಸ್ತೆ ಓಟಗಳ ದಾರಿಯನ್ನು ಸೈಕಲ್ ಚಕ್ರಕ್ಕೆ ಎಣಿಕೆಯ ಯಂತ್ರ ಕಟ್ಟಿ ಅಳೆಯುತ್ತಾರೆ. ದಾರಿ ಕಡಿಮೆಯಾಗಿಬಿಡದಿರಲೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚು ಸೇರಿಸುತ್ತಾರೆ. ದೂರ ಅಳೆದು, ಸಮಯ ಬರೆದಿಟ್ಟದ್ದರಿಂದಲೇ 1978ರಲ್ಲಿ ಜಲಂಧರಿನಲ್ಲಿ ಶಿವನಾಥ್ ಸಿಂಗ್ ಓಡಿದ 2 ಗಂಟೆ 12 ನಿಮಿಷದ ಮ್ಯಾರಥಾನನ್ನು ನಾವು ಇವತ್ತಿಗೂ ನಮ್ಮ ಓಟದ ಪಕ್ಕ ಇಟ್ಟು ನೋಡಬಹುದು. ಬಿಹಾರದ ಹಳ್ಳಿಯಿಂದ ಬಂದು ಸೇನೆ ಸೇರಿದವರು, ಬರಿಗಾಲಿನಲ್ಲಿ ಓಡುವುದಕ್ಕೆ ಹೆಸರಾದವರು ಅವರು. ಅವರ ಆ ದಾಖಲೆ ನಮ್ಮ ದೇಶದಲ್ಲಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಉಳಿಯಿತು. ಶೂ ಇಲ್ಲದೆ ಓಡಬಹುದು. ಆದರೆ ಯಾರೋ ಒಬ್ಬರು ಅಳೆದು, ಬರೆದಿಡದೆ ಇದ್ದರೆ ಆ ಓಟ ಉಳಿಯುವುದಿಲ್ಲ.

ಈ ಮಾತು ನನಗೆ ಮನದಟ್ಟಾದದ್ದು ನಮ್ಮ ಶಾಲೆಯ ಒಬ್ಬ ಹುಡುಗಿಯಿಂದ. ಒಂಬತ್ತನೆಯ ತರಗತಿ. ತಂದೆ ಗಾರೆ ಕೆಲಸದವರು. ಅವಳು ತಾಲ್ಲೂಕು ಕ್ರೀಡಾಕೂಟದ 3,000 ಮೀಟರಿನಲ್ಲಿ ಎರಡನೆಯವಳು. ಆಗಸ್ಟಿನ ಮೈಸೂರು ಓಟಕ್ಕೆ ತಾನೂ ಬರುತ್ತೇನೆ ಅಂದಳು. ನೋಡಿದರೆ ಶುಲ್ಕ ಎಂಟುನೂರು. ಅದನ್ನು ನಾನು ಕೊಡಬಹುದಿತ್ತು. ಆದರೆ ಹೆಸರು ನೋಂದಾಯಿಸಲು ಇಮೇಲ್ ಬೇಕು, ಹಣ ಫೋನಿನಲ್ಲೇ ಕಟ್ಟಬೇಕು, ಬಿಬ್ ಅಂದರೆ ಎದೆಗೆ ಅಂಟಿಸುವ ಸಂಖ್ಯೆಯ ಚೀಟಿಯನ್ನು ಹಿಂದಿನ ದಿನವೇ ಬಂದು ಒಯ್ಯಬೇಕು. ಹಳ್ಳಿಯ ಕೂಲಿಯವರಿಗೆ ಅದು ಎರಡು ದಿನದ ಬಸ್ ಚಾರ್ಜು, ಒಂದು ದಿನದ ಕೂಲಿ. ಇದೆಲ್ಲ ಹೊಂದಿಸುವಷ್ಟರಲ್ಲಿ ನೋಂದಣಿ ಮುಗಿದಿತ್ತು.

"ಹೋಗ್ಲಿ ಬಿಡಮ್ಮ, ತಾಲ್ಲೂಕಲ್ಲಿ ನಿನ್ನ ಟೈಮ್ ಎಷ್ಟು ಬಂತು?" ಎಂದು ಕೇಳಿದೆ.

"ಗೊತ್ತಿಲ್ಲ ಟೀಚರ್. ಸೆಕೆಂಡ್ ಬಂದೆ ಅಂತ ಹೇಳಿದ್ರು. ಟೈಮ್ ಯಾರೂ ಬರ್ಕೊಳ್ಳಲಿಲ್ಲ."

ಆ ಮಾತು ನನ್ನನ್ನು ಚುಚ್ಚಿತು. ನನ್ನ ಪುಸ್ತಕದ ಎಡಪುಟ ಸೆಕೆಂಡುಗಳ ಸಮೇತ ತುಂಬಿದೆ, ಯಾಕೆಂದರೆ ನಾನು ಹಣ ಕಟ್ಟಿದ್ದೇನೆ. ನನಗಿಂತ ಎಷ್ಟೋ ಚೆನ್ನಾಗಿ ಓಡುವ ಈ ಮಗುವಿನ ಎಡಪುಟ ಖಾಲಿ. ನಮ್ಮ ನಾಡಿನಲ್ಲಿ ಓಡಲು ಹಣ ಬೇಡ, ಎಣಿಕೆಗೆ ಸಿಗಲು ಹಣ ಬೇಕು. ವರ್ಷದ ನನ್ನ ಲೆಕ್ಕದಿಂದ ನಾನು ಕಲಿತ ಪಾಠ ಇದು.

ಅದಾದ ಮೇಲಿನ ಶನಿವಾರ ನಮ್ಮ ಪಿ.ಟಿ. ಮೇಷ್ಟ್ರ ಹತ್ತಿರ ಅಳತೆ ಟೇಪು ಪಡೆದೆ. ಶಾಲೆಯ ಮೈದಾನದಲ್ಲಿ 200 ಮೀಟರಿನ ಅಂಡಾಕಾರದ ಗೆರೆ ಹಾಕಬೇಕಿತ್ತು. ಗೆರೆಯ ಮೇಲೇ ಅಳೆದರೆ ತಪ್ಪಾಗುತ್ತದೆ. ಓಡುವವರ ಕಾಲು ಗೆರೆಯ ಮೇಲೆ ಬೀಳುವುದಿಲ್ಲ, ಸ್ವಲ್ಪ ಹೊರಗೆ ಬೀಳುತ್ತದೆ. ಅದಕ್ಕೇ ಒಳಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯಬೇಕು ಎಂದು ನಿಯಮ. ಹತ್ತನೆಯ ತರಗತಿಯ ಮಕ್ಕಳಿಗೆ ವೃತ್ತದ ಪರಿಧಿಯ ಪಾಠ ಅವತ್ತು ಮೈದಾನದಲ್ಲೇ ಆಯಿತು. ಎರಡು ಚೀಲ ಸುಣ್ಣದ ಪುಡಿಗೆ 240 ರೂಪಾಯಿ, ಒಂದು ನೋಟ್‌ಬುಕ್ಕಿಗೆ 60. ಗಡಿಯಾರ ನನ್ನ ಫೋನಿನಲ್ಲೇ ಇತ್ತು. ಒಟ್ಟು 300 ರೂಪಾಯಿ.

ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ಅಲ್ಲಿ ಓಟ. ಚಿಕ್ಕವರಿಗೆ ಐದು ಸುತ್ತು, ದೊಡ್ಡವರಿಗೆ ಹದಿನೈದು. ಶುಲ್ಕ ಇಲ್ಲ, ಪದಕ ಇಲ್ಲ. ಓಡಿದ ಪ್ರತಿಯೊಬ್ಬರ ಹೆಸರು, ಸಮಯ ಪುಸ್ತಕದಲ್ಲಿ. ಮೊದಲ ತಿಂಗಳು ಹನ್ನೊಂದು ಮಕ್ಕಳು ಬಂದರು. ಈಗ ಇಪ್ಪತ್ತಾರು ಮಕ್ಕಳು, ಜೊತೆಗೆ ಇಬ್ಬರು ಅಂಗನವಾಡಿ ಕಾರ್ಯಕರ್ತೆಯರು, ನಮ್ಮ ಬೀದಿಯ ಪೋಸ್ಟ್‌ಮನ್ ಕೂಡ ಬರುತ್ತಾರೆ. ಆ ಹುಡುಗಿ ಮೊದಲ ತಿಂಗಳು ಹದಿನೈದು ಸುತ್ತನ್ನು 13 ನಿಮಿಷ 22 ಸೆಕೆಂಡಿನಲ್ಲಿ ಮುಗಿಸಿದಳು. ಐದು ತಿಂಗಳ ಮೇಲೆ 12 ನಿಮಿಷ 31 ಸೆಕೆಂಡು. 51 ಸೆಕೆಂಡು ಇಳಿಸಿದ್ದೇನೆ ಎಂದು ಅವಳಿಗೆ ಗೊತ್ತು. ಇನ್ನೆಷ್ಟು ಇಳಿಸಬೇಕು ಎಂಬುದೂ ಗೊತ್ತು. ಗುರಿ ಎಂಬುದು ಹೀಗೆ ಹುಟ್ಟುತ್ತದೆ.

ವರ್ಷ ಮುಗಿದ ಮೇಲೆ ಪುಸ್ತಕವನ್ನು ಅತ್ತೆಗೆ ಓದಿ ಹೇಳಿದೆ. ಮುಂಬಯಿಯ ಲೆಕ್ಕ ಬಂದಾಗ "ಇದು ಎರಡು ವರ್ಷಕ್ಕೊಂದು ಸಲ ಸಾಕು ಕಣಮ್ಮ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಸುಣ್ಣದ ದುಡ್ಡು ಮಾತ್ರ ತಪ್ಪಿಸಬೇಡ" ಅಂದರು. ಅವರ ಮಾತನ್ನೇ ಈ ವರ್ಷದ ಬಜೆಟ್ ಮಾಡಿಕೊಂಡಿದ್ದೇನೆ. ದೂರದ ಊರಿನ ಓಟ ಒಂದನ್ನು ಬಿಟ್ಟಿದ್ದೇನೆ. ಆ ಹಣದಲ್ಲಿ ಮೂವರು ಮಕ್ಕಳಿಗೆ ಶೂ, ಇಬ್ಬರಿಗೆ ಮೈಸೂರು ಓಟದ ಶುಲ್ಕ ಆಗಿದೆ.

ನನ್ನಂತೆ ಓಡುವ ಗೆಳೆಯ ಗೆಳತಿಯರೇ, ಒಂದು ವರ್ಷ ಲೆಕ್ಕ ಬರೆದು ನೋಡಿ. ಎರಡು ಪುಟ ಎದುರುಬದುರು ಇಟ್ಟರೆ ಯಾವ ಖರ್ಚು ಕಾಲಿಗೆ ಬಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂದು ನಿಮಗೇ ತಿಳಿಯುತ್ತದೆ. ಓಟ ಏರ್ಪಡಿಸುವವರಲ್ಲಿ ನನ್ನ ಕೋರಿಕೆ: ಟಿ-ಶರ್ಟ್, ಪದಕ ಬೇಡ ಎನ್ನುವವರಿಗೆ ಕಡಿಮೆ ಶುಲ್ಕ ಇಡಿ. ದೂರದಿಂದ ಬರುವವರಿಗೆ ಓಟದ ದಿನ ಬೆಳಿಗ್ಗೆಯೇ ಬಿಬ್ ಕೊಡಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಕೆಲವು ಸ್ಥಾನ ತೆಗೆದಿಡಿ. ತಾಲ್ಲೂಕು, ಜಿಲ್ಲಾ ಕೂಟ ನಡೆಸುವ ನನ್ನ ಶಿಕ್ಷಕ ಬಂಧುಗಳೇ, ಮೊದಲ ಮೂವರ ಹೆಸರಿನ ಪಕ್ಕ ಅವರ ಸಮಯವನ್ನೂ ಬರೆಯಿರಿ. ಕೊನೆಯಲ್ಲಿ ಬಂದ ಮಗುವಿನದನ್ನೂ ಬರೆಯಿರಿ. ಅದಕ್ಕೆ ಬೇಕಾದದ್ದು ಒಂದು ಗಡಿಯಾರ, ಒಂದು ಪೆನ್ನು.

ನಮ್ಮ ಮೈದಾನದಲ್ಲಿ ಮುಂದಿನ ಓಟ ಈ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಆರೂವರೆಗೆ. ನಿಮ್ಮ ಊರಿನ ಮೈದಾನದಲ್ಲೂ ಅದೇ ಹೊತ್ತಿಗೆ ಒಂದು ಸುಣ್ಣದ ಗೆರೆ ಬೀಳಲಿ.